ಮುಕ್ತಿನಾಥಕ್ಕೆ ಹೊರಟ ಕನ್ನಡ ಯಾತ್ರಿಕರಿಗೆ

ಋಷಿಕೊಂಡ, ವಿಶಾಖಪಟ್ಟಣ
ವಿಶ್ವಾವಸು ಸಂವತ್ಸರ, ಕಾರ್ತಿಕ ಮಾಸ (ನವೆಂಬರ್ 2025)

ಪಶುಪತಿನಾಥ, ಮುಕ್ತಿನಾಥ, ಲುಂಬಿನಿಗಳ ದರ್ಶನಕ್ಕೆ ಸಂಕಲ್ಪ ಮಾಡಿರುವ ಕನ್ನಡ ಬಂಧುಗಳೆ,

2025ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಕ್ಷೋಭೆ ಉಂಟಾಗಿ ವಿಮಾನಗಳು ನಿಂತುಹೋದಾಗ ನಿಮ್ಮಲ್ಲಿ ಕೆಲವರು ಅಲ್ಲಿಯ ವಸತಿಗೃಹಗಳಲ್ಲಿ ಸಿಕ್ಕಿಕೊಂಡಿದ್ದಿರಿ. ಕೆಲವರು ಕಟ್ಟಿದ ಗಂಟುಮೂಟೆಗಳನ್ನು ಬಿಚ್ಚಿಟ್ಟು ಯಾತ್ರೆಯನ್ನು ಚೈತ್ರ ವೈಶಾಖಗಳಿಗೆ ಮುಂದೂಡಿದಿರಿ. ಈಗ ಅಲ್ಲಿ ಪರಿಸ್ಥಿತಿ ತಿಳಿಯಾಗಿದೆಯೆಂಬ ಸುದ್ದಿ ಬರುತ್ತಲೆ, ಬೆಂಗಳೂರು, ಮೈಸೂರು, ಉಡುಪಿ, ಹುಬ್ಬಳ್ಳಿಗಳಿಂದ ಮೊದಲ್ಗೊಂಡು ಉದ್ಯೋಗ ವ್ಯಾಪಾರಗಳ ನಿಮಿತ್ತ ಈ ಆಂಧ್ರದ ಕಡಲತೀರದಲ್ಲಿ ನೆಲೆಸಿರುವ ನಮ್ಮವರವರೆಗೆ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: “ದಾರಿ ತೆರೆದಿದೆಯೆ?” ಪ್ರಶ್ನೆಯೇನೋ ನ್ಯಾಯವಾದದ್ದೆ. ವೃದ್ಧರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡು ಪರದೇಶಕ್ಕೆ ಹೊರಡುವವನು ದಾರಿಯ ಕ್ಷೇಮವನ್ನು ವಿಚಾರಿಸದೆ ಇರಲಾರ. ಆದರೆ ಆ ನಾಡು ಇಷ್ಟು ಸಲ ಏಕೆ ಕದಡಿತು, ಅಲ್ಲಿಯ ಜನ ಏನನ್ನು ಬಯಸಿದರು, ಅದಕ್ಕಾಗಿ ಏನನ್ನು ತೆತ್ತರು ಎಂಬುದನ್ನು ವಿಚಾರಿಸದೆಯೆ ಅದರ ಗುಡಿಗಳಿಗೆ ಹೋಗಿ ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಬರುವುದು ಅತಿಥಿಯಾದವನಿಗೆ ಒಪ್ಪುವ ನಡತೆಯಲ್ಲ. ಈ ಎರಡನೆಯ ವಿಚಾರಣೆಯೂ ಯಾತ್ರಿಕನ ಮೇಲಿರುವ ಒಂದು ಋಣವೆಂದು ನಿಮ್ಮಲ್ಲಿ ನಿವೇದಿಸಿಕೊಳ್ಳುವುದಕ್ಕಾಗಿ ಈ ಪತ್ರ.

ಹಿಮವಂತನ ಮಡಿಲಿನ ನಾಡನ್ನು ಕುರಿತು ಬಂಗಾಳ ಕೊಲ್ಲಿಯ ದಂಡೆಯವನೊಬ್ಬ ಬರೆಯುವುದು ವಿಚಿತ್ರವೆಂದು ನಿಮಗೆ ತೋರಬಹುದು. ಆದರೆ ನೇಪಾಳಕ್ಕೆ ಸ್ವಂತ ಕಡಲಿಲ್ಲ. ಅದಕ್ಕೆ ದೊರೆತಿರುವ ಕಡಲಬಾಗಿಲುಗಳಲ್ಲಿ ಈ ವಿಶಾಖಪಟ್ಟಣವೂ ಒಂದು. ಬಹುಕಾಲ ಕೋಲ್ಕತ್ತ ಹಲ್ದಿಯಾಗಳನ್ನೇ ನಂಬಿಕೊಂಡಿದ್ದ ಆ ದೇಶಕ್ಕೆ, 2016ರ ಫೆಬ್ರವರಿಯಲ್ಲಿ ಆಗಿನ ಪ್ರಧಾನಿ ಕೆ. ಪಿ. ಶರ್ಮ ಓಲಿಯವರು ದೆಹಲಿಗೆ ಬಂದಿದ್ದ ಸಂದರ್ಭದಲ್ಲಿ, ಇಲ್ಲಿಯ ಬಂದರಿನಿಂದ ರೈಲಿನಲ್ಲಿ ಸರಕು ಒಯ್ಯುವ ಒಡಂಬಡಿಕೆಯಾಯಿತು. ಆ ಬಳಿಕ ಇಲ್ಲಿ ಹಡಗಿನಿಂದಿಳಿದ ಕಂಟೇನರುಗಳು ಗೂಡ್ಸ್ ಗಾಡಿಯನ್ನೇರಿ, ರಕ್ಸೌಲಿನ ಗಡಿಯನ್ನು ದಾಟಿ, ಬೀರ್‌ಗಂಜಿನ ಒಣಬಂದರನ್ನು ಸೇರತೊಡಗಿದವು. ಸೆಪ್ಟೆಂಬರಿನ ಗಲಭೆಯಲ್ಲಿ ಸಿಕ್ಕಿಬಿದ್ದಿದ್ದ ತೆಲುಗರನ್ನು ಕರೆತರಲು ಆಂಧ್ರ ಸರ್ಕಾರ ಏರ್ಪಡಿಸಿದ ವಿಶೇಷ ವಿಮಾನವೂ 11ನೆಯ ತಾರೀಕು ಕಠ್ಮಂಡುವಿನಿಂದ ಬಂದು ಮೊದಲು ಇಳಿದುದು ಈ ಊರಿನಲ್ಲಿಯೆ. ಉತ್ತರಾಂಧ್ರದವರನ್ನು ಇಲ್ಲಿ ಇಳಿಸಿ ಅದು ಮಿಕ್ಕವರೊಡನೆ ತಿರುಪತಿಗೆ ಹೋಯಿತು. ಹೀಗೆ ಸರಕಿಗೂ ಸಂಕಟಕ್ಕೂ ಈ ಊರು ಆ ದೇಶದ ನೆರೆಯಾಗಿದೆ.

ಇವೆರಡಕ್ಕಿಂತಲೂ ಘೋರವಾದ ಇನ್ನೊಂದು ನಂಟನ್ನು ಪ್ರಕೃತಿಯೆ ಹಾಕಿಕೊಟ್ಟಿದೆ. 2014ರ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತ ಗಂಟೆಗೆ ನೂರೆಂಬತ್ತು ಕಿಲೋಮೀಟರುಗಳ ವೇಗದ ಗಾಳಿಯೊಡನೆ ವಿಶಾಖಪಟ್ಟಣವನ್ನು ಹೊಕ್ಕು, ವಿಮಾನನಿಲ್ದಾಣದ ಚಾವಣಿಯನ್ನು ಕಿತ್ತೆಸೆದು, ಕೈಲಾಸಗಿರಿಯ ಹಸುರನ್ನು ಬೋಳಿಸಿದುದು ಇಲ್ಲಿಯವರಿಗೆಲ್ಲ ನೆನಪಿದೆ. ಆದರೆ ಆ ಮಾರುತದ ಕಥೆ ಇಲ್ಲಿಗೆ ಮುಗಿಯಲಿಲ್ಲವೆಂಬುದು ಎಲ್ಲರಿಗೂ ತಿಳಿದಿರಲಾರದು. ನೆಲವನ್ನು ಹೊಕ್ಕು ಬಲಗುಂದಿದ ಅದರ ಶೇಷ, ಕಡಲಿನ ನೀರಾವಿಯನ್ನು ಹೊತ್ತುಕೊಂಡೆ ಮಧ್ಯಭಾರತವನ್ನು ದಾಟಿ ಉತ್ತರಾಭಿಮುಖವಾಗಿ ಸಾಗಿ, ಎರಡೇ ದಿನಗಳಲ್ಲಿ ಹಿಮಾಲಯದ ಗೋಡೆಗೆ ತಗುಲಿ, ಅಲ್ಲಿ ಮಳೆಯಾಗುವ ಬದಲು ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೊರೊಂಗ್ ಕಣಿವೆದಾರಿಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಚಾರಣಿಗರು, ದಾರಿತೋರುವವರು, ಹೊರೆಯಾಳುಗಳು, ದನಗಾಹಿಗಳು ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಆ ಹಿಮದಲ್ಲಿ ಸತ್ತರು. ಥೊರೊಂಗ್ ದಾರಿ ಪಶ್ಚಿಮಕ್ಕೆ ಇಳಿದು ಮುಟ್ಟುವ ಮೊದಲ ಊರೇ ನೀವು ಹೋಗಬೇಕೆಂದಿರುವ ಮುಕ್ತಿನಾಥ. ನಮ್ಮ ತೀರದಲ್ಲಿ ತೆಂಗುಗಳನ್ನುರುಳಿಸಿದ ಗಾಳಿಯೆ ಮುಕ್ತಿನಾಥನ ನೆತ್ತಿಯ ಮೇಲೆ ಮನುಷ್ಯರನ್ನು ಹೂಳಿತೆಂದ ಮೇಲೆ, ಆ ದೇಶ ನಮಗೆ ದೂರದ್ದೆಂದು ಹೇಳುವುದಕ್ಕೆ ನಾಲಗೆ ಏಳದು.

ಇನ್ನು ಆ ನೆಲದ ರೂಪವನ್ನು ಸ್ವಲ್ಪ ನೋಡೋಣ. ಏಕೆಂದರೆ ನೇಪಾಳದ ರಾಜಕಾರಣವನ್ನು ಅರಿಯಬೇಕಾದವನು ಮೊದಲು ಅದರ ನಕ್ಷೆಯ ಮುಂದೆ ಕುಳಿತುಕೊಳ್ಳತಕ್ಕದ್ದು. ಪೂರ್ವಪಶ್ಚಿಮವಾಗಿ ಸುಮಾರು ಎಂಟುನೂರು ಕಿಲೋಮೀಟರಿಗೂ ಮಿಕ್ಕು ಚಾಚಿಕೊಂಡು, ಉತ್ತರದಕ್ಷಿಣವಾಗಿ ಇನ್ನೂರು ಕಿಲೋಮೀಟರಿನಷ್ಟು ಮಾತ್ರ ಅಗಲವಿರುವ ಈ ಕಿರಿದಾದ ಪಟ್ಟಿಯಲ್ಲಿ, ತೆಂಕಣ ಅಂಚಿನಲ್ಲಿ ಸಮುದ್ರಮಟ್ಟಕ್ಕಿಂತ ಅರುವತ್ತು ಮೀಟರ್ ಮೇಲಿರುವ ಭತ್ತದ ಗದ್ದೆಯಿಂದ ಹೊರಟರೆ ಬಡಗಣ ಅಂಚಿನಲ್ಲಿ 8,848.86 ಮೀಟರ್ ಎತ್ತರದ ಸಗರಮಾಥಾ (ಎವರೆಸ್ಟ್) ಶಿಖರವಿದೆ. ದಕ್ಷಿಣದಲ್ಲಿ ತರಾಯಿಯೆಂಬ ಬಯಲು, ನಡುವೆ ಪಹಾಡವೆಂಬ ಬೆಟ್ಟಸೀಮೆ, ಉತ್ತರದಲ್ಲಿ ಹಿಮಾಲ; ಮೂರೂ ಮೂರು ಹವೆ, ಮೂರು ಬೆಳೆ, ಮೂರು ಜೀವನಕ್ರಮ. ಕೋಶಿ, ಗಂಡಕಿ, ಕರ್ಣಾಲಿಗಳೆಂಬ ಮಹಾನದಿಗಳು ಉತ್ತರದಿಂದ ದಕ್ಷಿಣಕ್ಕೆ ಹರಿದು ಈ ಪಟ್ಟಿಯನ್ನು ಅಡ್ಡಲಾಗಿ ಸೀಳಿರುವುದರಿಂದ, ಪಕ್ಕದ ಕಣಿವೆಗೆ ಹೋಗುವುದಕ್ಕಿಂತ ಕೆಳಗಿನ ಭಾರತದ ಬಯಲಿಗಿಳಿಯುವುದೆ ಬೆಟ್ಟಿಗನಿಗೆ ಸುಲಭವಾಗಿತ್ತು. 2021ರ ಜನಗಣತಿ ಆ ಪುಟ್ಟ ದೇಶದಲ್ಲಿ ನೂರಿಪ್ಪತ್ತನಾಲ್ಕು ಮಾತೃಭಾಷೆಗಳನ್ನು ಲೆಕ್ಕಹಾಕಿದುದರಲ್ಲಿ ಆಶ್ಚರ್ಯವೇನಿದೆ?

ಆ ಪರ್ವತಗಳ ಹುಟ್ಟಿನ ಸಾಕ್ಷ್ಯ ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿಯೆ ಇದೆ. ಈ ಕಾರ್ತಿಕದ ಉತ್ಥಾನದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ನೀವು ಇರಿಸಿದ ಸಾಲಿಗ್ರಾಮವನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ: ಗಾತ್ರಕ್ಕೆ ಮೀರಿದ ಭಾರ, ನದಿಯ ಉರುಳಾಟದಿಂದ ಎಣ್ಣೆ ಸವರಿದಂತೆ ನುಣುಪಾದ ಕರಿಯ ಮೈ, ಬಾಯಿ ತೆರೆದ ಕಡೆ ಒಳಗೆ ಸುರುಳಿ ಸುರುಳಿಯಾಗಿ ಕೊರೆದ ಚಕ್ರ, ಅದರ ಅಂಚಿಗೆ ಸೂಕ್ಷ್ಮವಾದ ಏಣುಗಳು. ಭಕ್ತನಿಗೆ ಅದು ವಿಷ್ಣುಸನ್ನಿಧಿ. ಭೂವಿಜ್ಞಾನಿಗೆ ಅದು ಸುಮಾರು ಹದಿನೈದು ಕೋಟಿ ವರ್ಷಗಳ ಹಿಂದೆ ಟೆಥಿಸ್ ಎಂಬ ಕಡಲಿನಲ್ಲಿ ಈಜುತ್ತಿದ್ದ ಅಮೊನೈಟ್ ಜೀವಿಯ ಶಿಲಾರೂಪ. ಭಾರತದ ನೆಲ ಉತ್ತರಕ್ಕೆ ಸರಿದು, ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯದ ನೆಲಕ್ಕೆ ಒತ್ತಿಕೊಂಡಾಗ ನಡುವಣ ಆ ಕಡಲು ಮುಚ್ಚಿಹೋಗಿ, ಅದರ ತಳದ ಕೆಸರು ಗೋಡೆಗೆ ತಳ್ಳಿದ ಜಮಖಾನದಂತೆ ಮಡಿಕೆಮಡಿಕೆಯಾಗಿ ಮೇಲೆದ್ದಿತು. ಆ ಮಡಿಕೆಗಳನ್ನು ಕೊರೆದು, 8,167 ಮೀಟರಿನ ಧವಳಗಿರಿಗೂ 8,091 ಮೀಟರಿನ ಅನ್ನಪೂರ್ಣೆಗೂ ನಡುವೆ ಪಾತಾಳದಂತಹ ಕಮರಿಯನ್ನು ಮಾಡಿಕೊಂಡು ಇಳಿಯುವ ಕಾಳಿಗಂಡಕಿ ಆ ಕಲ್ಲುಗಳನ್ನು ಉರುಳಿಸಿ ತರುತ್ತದೆ. ಎರಡೂ ತಿಳಿವುಗಳನ್ನು ಒಂದೇ ಅಂಗೈಯಲ್ಲಿ ಹಿಡಿಯುವುದರಿಂದ ಭಕ್ತಿಗೆ ಕುಂದು ಬಾರದೆಂದು ನನ್ನ ನಂಬಿಕೆ.

ಭಾರತದ ನೆಲದ ಈ ಒತ್ತಡ ಇನ್ನೂ ನಿಂತಿಲ್ಲ. ನಮ್ಮ ಋಷಿಕೊಂಡದ ಬೆಟ್ಟ ನೂರು ಕೋಟಿ ವರ್ಷಗಳಷ್ಟು ಹಿಂದೆ ಭೂಗರ್ಭದ ಬೇಗೆಯಲ್ಲಿ ಬೆಂದು ಗಟ್ಟಿಯಾದ ಖೊಂಡಲೈಟ್ ಶಿಲೆಯದು. ಪೂರ್ವಘಟ್ಟಗಳ ಈ ವೃದ್ಧಶಿಲೆ ಏಳುವ ಕಾಲವನ್ನು ಎಂದೋ ಮುಗಿಸಿ ಈಗ ಸವೆಯುವುದನ್ನಷ್ಟೆ ಮಾಡುತ್ತಿದೆ. ಹಿಮಾಲಯವಾದರೋ ಪ್ರಾಯದ ಪರ್ವತ. ಅದು ಬೆಳೆಯುತ್ತಿರುವುದರಿಂದಲೆ ನಡುಗುತ್ತದೆ. 1934ರ ಜನವರಿ 15ರಂದು ಬಿಹಾರ ನೇಪಾಳಗಳನ್ನು ನೆಲಸಮಮಾಡಿದ ಭೂಕಂಪವಾಗಲಿ, 2015ರ ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯಲ್ಲಿ ಹುಟ್ಟಿ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ 7.8ರ ತೀವ್ರತೆಯ ಭೂಕಂಪವಾಗಲಿ ಅಲ್ಲಿ ಅಕಸ್ಮಾತ್ತಾದ ಸಂಗತಿಗಳಲ್ಲ.

ಇಂತಹ ನೆಲದ ಮೇಲೆ ಒಂದೇ ರಾಜ್ಯವನ್ನು ಕಟ್ಟಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಅಲ್ಲಿಯ ಇತಿಹಾಸ ತೋರಿಸುತ್ತದೆ. ಗೋರ್ಖಾ ಎಂಬ ಸಣ್ಣ ಬೆಟ್ಟದ ಸಂಸ್ಥಾನದ ದೊರೆ ಪೃಥ್ವೀನಾರಾಯಣ ಷಾಹನು 1768-69ರಲ್ಲಿ ಕಠ್ಮಂಡು ಕಣಿವೆಯ ಮಲ್ಲರಾಜ್ಯಗಳನ್ನು ಗೆದ್ದು ಆಧುನಿಕ ನೇಪಾಳಕ್ಕೆ ಅಸ್ತಿಭಾರ ಹಾಕಿದನು. ಅವನ ಸಂತತಿಯವರ ವಿಸ್ತಾರಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಯುದ್ಧ ಅಡ್ಡಬಂದು, 1816ರಲ್ಲಿ ಊರ್ಜಿತವಾದ ಸುಗೌಲಿಯ ಒಪ್ಪಂದದಿಂದ ಪಶ್ಚಿಮದಲ್ಲಿ ಮಹಾಕಾಳಿ ನದಿಯೂ ಪೂರ್ವದಲ್ಲಿ ಮೇಚಿ ನದಿಯೂ ಎಲ್ಲೆಗಳಾಗಿ ನಿಂತವು. 1846ರಲ್ಲಿ ಅರಮನೆಯ ಕೋಟ್ ಎಂಬ ಅಂಗಳದಲ್ಲಿ ನಡೆದ ಹತ್ಯಾಕಾಂಡದ ರಕ್ತವನ್ನು ತುಳಿದುಕೊಂಡು ಅಧಿಕಾರಕ್ಕೆ ಬಂದ ಜಂಗ್ ಬಹಾದೂರನಿಂದ ಮುಂದಕ್ಕೆ ನೂರ ನಾಲ್ಕು ವರ್ಷ ಆಳಿದವರು ರಾಣಾ ಮನೆತನದ ಮಂತ್ರಿಗಳು. ದೊರೆ ಸಿಂಹಾಸನದ ಮೇಲಿನ ಬೊಂಬೆಯಾದನು. ಭಾರತ ಸ್ವತಂತ್ರವಾದ ಮೇಲೆ ಬೀಸಿದ ಗಾಳಿಯಲ್ಲಿ 1951ರಲ್ಲಿ ರಾಣಾಶಾಹಿ ಬಿದ್ದಿತು. 1959ರಲ್ಲಿ ಮೊದಲ ಮಹಾಚುನಾವಣೆ ನಡೆದು ಬಿ. ಪಿ. ಕೊಯಿರಾಲಾ ಪ್ರಧಾನಿಯಾದರು, ಮರುವರ್ಷವೆ, 1960ರ ಡಿಸೆಂಬರ್ 15ರಂದು, ಮಹೇಂದ್ರ ದೊರೆ ಆ ಸರ್ಕಾರವನ್ನು ವಜಾಮಾಡಿ ಪ್ರಧಾನಿಯನ್ನು ಸೆರೆಗೆ ನೂಕಿ, ಪಕ್ಷಗಳಿಲ್ಲದ ಪಂಚಾಯತಿ ಪದ್ಧತಿಯನ್ನು ತಂದನು. ಆ ಪದ್ಧತಿಯನ್ನು ಕೆಡವಲು ಜನರು ಮೂವತ್ತು ವರ್ಷ ಕಾಯಬೇಕಾಯಿತು.

1990ರ ಜನಾಂದೋಲನದಿಂದ ಬಹುಪಕ್ಷ ಪ್ರಜಾಪ್ರಭುತ್ವವೇನೋ ಬಂದಿತು. ಆದರೆ ಕಠ್ಮಂಡುವಿನಲ್ಲಿ ಹುಟ್ಟಿದ ಕಾನೂನು ರೋಲ್ಪಾ ರುಕುಮ್‌ಗಳ ಕಡಿದಾದ ಹಳ್ಳಿಗಳನ್ನು ಹತ್ತಲಿಲ್ಲ. ರಸ್ತೆಯಿಲ್ಲದ, ಆಸ್ಪತ್ರೆಯಿಲ್ಲದ, ಹೊಲವಿದ್ದರೂ ಮೂರು ತಿಂಗಳಿಗೆ ಸಾಲುವ ಧಾನ್ಯವಿಲ್ಲದ ಆ ಮಧ್ಯಪಶ್ಚಿಮದ ಬೆಟ್ಟಗಳಲ್ಲಿಯೆ 1996ರ ಫೆಬ್ರವರಿ 13ರಂದು ಮಾವೋವಾದಿಗಳ ಸಮರ ಆರಂಭವಾಯಿತು. ಹತ್ತು ವರ್ಷಗಳಲ್ಲಿ ಸುಮಾರು ಹದಿನೇಳು ಸಾವಿರ ಜನ ಅದಕ್ಕೆ ಬಲಿಯಾದರು. ನಡುವೆ 2001ರ ಜೂನ್ 1ರ ರಾತ್ರಿ ಅರಮನೆಯೊಳಗೆ ಬೀರೇಂದ್ರ ದೊರೆಯೂ ಅವನ ಕುಟುಂಬದವರೂ ಗುಂಡಿಗೆ ಬಲಿಯಾದರು. ಪಟ್ಟಕ್ಕೆ ಬಂದ ಜ್ಞಾನೇಂದ್ರನು 2005ರ ಫೆಬ್ರವರಿಯಲ್ಲಿ ಸರ್ವಾಧಿಕಾರವನ್ನು ಕೈಗೆ ತೆಗೆದುಕೊಂಡು, ಮರುವರ್ಷದ ಏಪ್ರಿಲಿನಲ್ಲಿ ಬೀದಿಗಿಳಿದ ಜನಸಾಗರದ ಮುಂದೆ ಮಣಿದನು. 2006ರ ನವೆಂಬರಿನಲ್ಲಿ ಶಾಂತಿ ಒಪ್ಪಂದ, 2008ರ ಮೇ 28ರಂದು ಗಣರಾಜ್ಯದ ಘೋಷಣೆ, 2015ರ ಸೆಪ್ಟೆಂಬರ್ 20ರಂದು ಏಳು ಪ್ರಾಂತಗಳ ಸಂಯುಕ್ತ ಸಂವಿಧಾನ. ಇಷ್ಟೆಲ್ಲ ಒಂದು ತಲೆಮಾರಿನ ಅನುಭವ. ಅಲ್ಲಿ ಐವತ್ತು ವರ್ಷ ದಾಟಿದವನು ದೊರೆಯ ಪಂಚಾಯತಿಯನ್ನೂ, ಸಂಸತ್ತನ್ನೂ, ಒಳಯುದ್ಧವನ್ನೂ, ಗಣರಾಜ್ಯವನ್ನೂ ಕಣ್ಣಾರೆ ಕಂಡವನು. ಅವನ ಮುಖದಲ್ಲಿ ರಾಜಕಾರಣದ ಮಾತಿಗೆ ಒಂದು ದಣಿವು ತೋರಿದರೆ ಅದನ್ನು ಔದಾಸೀನ್ಯವೆಂದು ತಿಳಿಯಬೇಡಿ.

ಗಣರಾಜ್ಯವಾದ ಮೇಲಿನ ಹದಿನೇಳು ವರ್ಷಗಳಲ್ಲಿ ಯಾವ ಪ್ರಧಾನಿಯೂ ಪೂರ್ಣಾವಧಿಯನ್ನು ಮುಗಿಸಲಿಲ್ಲ. ಓಲಿ, ಪ್ರಚಂಡ, ದೇವುಬಾ ಎಂಬ ಮೂವರು ಹಿರಿಯರ ನಡುವೆ ಕುರ್ಚಿ ಸುತ್ತುತ್ತಿದ್ದ ಕಾಲದಲ್ಲಿಯೆ ತರುಣರು ಕತಾರ್, ಮಲೇಶಿಯಾ, ಸೌದಿಗಳಿಗೆ ಕೂಲಿಗೆ ಹೊರಟರು. ಅವರು ಕಳುಹಿಸುವ ಹಣವೆ ದೇಶದ ಒಟ್ಟು ಉತ್ಪನ್ನದ ಕಾಲುಭಾಗಕ್ಕೂ ಮಿಕ್ಕಿತು. ಮನೆಮನೆಯ ತಾರುಣ್ಯವನ್ನು ಹೊರಗೆ ಕಳುಹಿಸಿ ಬದುಕುವ ದೇಶದಲ್ಲಿ ಫೋನೊಂದೇ ಸಂಸಾರವನ್ನು ಹಿಡಿದಿಟ್ಟಿರುವ ದಾರ. 2025ರ ಸೆಪ್ಟೆಂಬರ್ 4ರಂದು ಸರ್ಕಾರ ನೋಂದಣಿಯ ನೆವದಿಂದ ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬು ಸೇರಿ 26 ಜಾಲತಾಣಗಳನ್ನು ನಿಷೇಧಿಸಿದುದು ಆ ದಾರಕ್ಕೆ ಕತ್ತರಿ ಹಾಕಿದಂತಾಯಿತು. ಅದಕ್ಕೂ ಮೊದಲೆ ನಾಯಕರ ಮಕ್ಕಳ ವಿಲಾಸದ ಚಿತ್ರಗಳು ಅದೇ ಜಾಲತಾಣಗಳಲ್ಲಿ ಹರಿದಾಡಿ ಮನಸ್ಸುಗಳನ್ನು ಕೆರಳಿಸಿದ್ದವು. 8ನೆಯ ತಾರೀಕು ಶಾಲೆಯ ಸಮವಸ್ತ್ರದಲ್ಲಿಯೆ ಬಂದವರೂ ಇದ್ದ ಮೆರವಣಿಗೆ ಸಂಸದ್ಭವನವನ್ನು ಸಮೀಪಿಸಿದಾಗ ಪೊಲೀಸರ ಗುಂಡಿಗೆ ಆ ಒಂದೇ ದಿನ ಹತ್ತೊಂಬತ್ತು ಮಂದಿ ಸತ್ತರು. ಮರುದಿನ ಓಲಿಯವರು ರಾಜೀನಾಮೆ ಕೊಟ್ಟರು. ಆದರೆ ಅಷ್ಟು ಹೊತ್ತಿಗೆ ಸಂಸತ್ತು, ಸರ್ವೋಚ್ಚ ನ್ಯಾಯಾಲಯ, ರಾಣಾ ಚಂದ್ರಶಂಶೇರನು ಕಟ್ಟಿಸಿದ್ದ ಸಿಂಹದರ್ಬಾರ್, ನಾಯಕರ ಮನೆಗಳು ಉರಿಯುತ್ತಿದ್ದವು. ಸತ್ತವರ ಸಂಖ್ಯೆ ಎಪ್ಪತ್ತನ್ನು ದಾಟಿತು. 12ರಂದು ನಿವೃತ್ತ ಮುಖ್ಯ ನ್ಯಾಯಾಧೀಶೆ ಸುಶೀಲಾ ಕಾರ್ಕಿಯವರು ಹಂಗಾಮಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 2026ರ ಮಾರ್ಚ್ 5 ಚುನಾವಣೆಯ ದಿನವೆಂದು ಗೊತ್ತಾಯಿತು.

ಇದನ್ನೆಲ್ಲ ಕೇಳಿ ನಮ್ಮಲ್ಲಿ ಕೆಲವರು, “ಅವರಿಗೆ ಪ್ರಜಾಪ್ರಭುತ್ವ ನಡೆಸಲು ಬಾರದು” ಎಂದು ತೀರ್ಪು ಕೊಡುವುದುಂಟು. ಆ ತೀರ್ಪನ್ನು ಕೊಡುವ ಮುನ್ನ ಋಷಿಕೊಂಡಕ್ಕೆ ಬಂದು ನೋಡಬಹುದು. ಇಲ್ಲಿಯ ಕಡಲತೀರಕ್ಕೆ 2020ರಲ್ಲಿ ನಮ್ಮ ಕಾಸರಕೋಡು ಪಡುಬಿದ್ರಿಗಳೊಡನೆಯೆ ನೀಲಿ ಬಾವುಟದ ಮನ್ನಣೆ ದೊರೆಯಿತು. ಮರುವರ್ಷವೆ ತೀರಕ್ಕೆ ಅಂಟಿದ ಬೆಟ್ಟದ ಮೇಲಿದ್ದ ಪ್ರವಾಸೋದ್ಯಮ ಇಲಾಖೆಯ ಹರಿತಾ ವಸತಿಗೃಹವನ್ನು ಕೆಡವಿ, ಬೆಟ್ಟದ ಪಕ್ಕೆಯನ್ನು ಅಗೆದು, ನೂರಾರು ಕೋಟಿ ರೂಪಾಯಿಗಳ ಭವನಗಳನ್ನು ಕಟ್ಟಲಾಯಿತು. ಹಸುರು ಹೊದಿಕೆ ಹೋದ ಕಡೆಗಳಲ್ಲಿ ಕೆಂಪು ಕಲ್ಲು ಗಾಯದಂತೆ ಕಾಣಿಸುತ್ತಿದ್ದುದನ್ನು ಭೀಮಿಲಿಯ ರಸ್ತೆಯಲ್ಲಿ ಹೋಗಿಬರುವವರೆಲ್ಲ ಕಂಡಿದ್ದಾರೆ. ರಾಜಧಾನಿ ವಿಜಯವಾಡದ ಬಳಿಯ ಅಮರಾವತಿಯಲ್ಲಿರಬೇಕೊ ವಿಶಾಖಪಟ್ಟಣಕ್ಕೆ ಬರಬೇಕೊ ಎಂಬ ವಿವಾದದ ಕಾಲವದು. ಅವು ಪ್ರವಾಸೋದ್ಯಮದ ಕಟ್ಟಡಗಳೆಂದು ಆಗಿನ ಸರ್ಕಾರ ಹೇಳಿತು. ಮುಖ್ಯಮಂತ್ರಿಗಾಗಿ ಕಟ್ಟಿದ ಅರಮನೆಯೆಂದು ವಿರೋಧಪಕ್ಷ ಹೇಳಿತು. ಕಡಲತೀರದ ನಿಯಮಗಳನ್ನು ಮೀರಲಾಗಿದೆಯೆಂಬ ತಕರಾರು ಹೈಕೋರ್ಟಿನ ಮೆಟ್ಟಿಲೇರಿತು. 2024ರ ಜೂನ್ 4ರಂದು ಮತಗಳನ್ನು ಎಣಿಸಿದಾಗ ಆಳುವ ಪಕ್ಷಕ್ಕೆ 175ರಲ್ಲಿ ಉಳಿದುದು 11 ಸ್ಥಾನಗಳು. ಅದಕ್ಕೆ ಈ ಬೆಟ್ಟವೊಂದೆ ಕಾರಣವೆಂದು ನಾನು ಹೇಳುವವನಲ್ಲ. ಆದರೆ ಆಳುವವರ ವೈಭವದ ಮೇಲಿನ ಸಿಟ್ಟು ಇಲ್ಲಿಯೂ ಇದ್ದಿತು. ಇಲ್ಲಿ ಆ ಸಿಟ್ಟಿಗೆ ಮತಪೆಟ್ಟಿಗೆಯ ದಾರಿಯಿದ್ದಿತು. ಯಾರೂ ಗುಂಡಿಗೆ ಬಲಿಯಾಗಲಿಲ್ಲ, ಯಾವ ಭವನಕ್ಕೂ ಬೆಂಕಿ ಬೀಳಲಿಲ್ಲ. ಕಠ್ಮಂಡುವಿನಲ್ಲಿ ಅದೇ ಸಿಟ್ಟಿಗೆ ಆ ದಾರಿಯ ಮೇಲೆ ನಂಬಿಕೆ ಉಳಿದಿರಲಿಲ್ಲ; ಏಕೆಂದರೆ ಯಾರಿಗೆ ಮತ ಹಾಕಿದರೂ ಕುರ್ಚಿಯ ಮೇಲೆ ಕೂರುವವರು ಅದೇ ಮೂವರಾಗಿದ್ದರು. ನಮ್ಮ ಹಿರಿಮೆ ಇರುವುದು ನಮ್ಮ ಸ್ವಭಾವದಲ್ಲಲ್ಲ. 1952ರಿಂದ ಚುನಾವಣೆಗಳು ಸಾಲು ತಪ್ಪದೆ ಬಂದುದರಲ್ಲಿ. ಅವರ ಮೊದಲ ಚುನಾಯಿತ ಸರ್ಕಾರಕ್ಕೆ ಎರಡು ವರ್ಷಗಳ ಆಯುಷ್ಯವೂ ದಕ್ಕಲಿಲ್ಲ.

ಇನ್ನೊಂದು ತೀರ್ಪು ಇದಕ್ಕಿಂತ ಮೃದುವಾದದ್ದು, ಆದುದರಿಂದ ಹೆಚ್ಚು ಅಪಾಯದ್ದು: “ದೊರೆ ಇದ್ದಾಗ ಎಲ್ಲ ಚೆನ್ನಾಗಿತ್ತು, ಹಿಂದೂ ರಾಜ್ಯ ಹೋದುದರಿಂದಲೆ ಈ ಗತಿ ಬಂತು” ಎಂಬ ಉದ್ಗಾರ. ದೊರೆ ಇದ್ದ ಕಾಲದಲ್ಲಿ ಏನು ನಡೆಯಿತೆಂಬುದನ್ನು ಮೇಲೆ ಹೇಳಿದೆ. ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಪಾಠವೂ ಉಂಟು. ಬೀರ್‌ಗಂಜಿಗೆ ಸಮೀಪದ ಬಾರಾ ಜಿಲ್ಲೆಯಲ್ಲಿರುವ ಸಿಮ್ರೌನ್‌ಗಢದ ಹಾಳು ಕೋಟೆ ಒಂದು ಕಾಲಕ್ಕೆ ಕರ್ಣಾಟರೆಂದು ಹೆಸರಾದ ವಂಶದ ರಾಜಧಾನಿ. 1097ರಲ್ಲಿ ಅದನ್ನು ಸ್ಥಾಪಿಸಿದ ನಾನ್ಯದೇವನ ಮೂಲ ಚಾಲುಕ್ಯರ ಉತ್ತರ ದಂಡಯಾತ್ರೆಗಳೊಡನೆ ಬಂದ ಕನ್ನಡ ಪಡೆಗಳಲ್ಲಿದ್ದಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಘಿಯಾಸುದ್ದೀನ್ ತುಘಲಕನು ಆ ಕೋಟೆಯನ್ನು ಮುರಿದಾಗ ಕೊನೆಯ ದೊರೆ ಹರಿಸಿಂಹದೇವನು ಬೆಟ್ಟಗಳತ್ತ ಓಡಿದನು; ಅವನ ರಾಣಿ ದೇವಲದೇವಿಗೆ ಭಕ್ತಪುರದಲ್ಲಿ ಆಶ್ರಯ ದೊರೆಯಿತು. ಆ ವಂಶದ ಕೀರ್ತಿಯನ್ನು ನಾವು ಹೆಮ್ಮೆಯಿಂದ ಸ್ಮರಿಸಬಹುದು. ಆದರೆ ಪಶುಪತಿನಾಥನ ಗರ್ಭಗುಡಿಯಲ್ಲಿ ಕರ್ನಾಟಕದ ಕರಾವಳಿ ಸೀಮೆಯ ಭಟ್ಟರು ಇಂದಿಗೂ ಪೂಜೆಮಾಡುತ್ತಿರುವುದು ಯಾವ ದೊರೆಯ ಕೃಪೆಯಿಂದ? ಗಣರಾಜ್ಯ ಬಂದ ವರ್ಷವೆ, 2008ರ ಕೊನೆಯಲ್ಲಿ, ಪ್ರಚಂಡರ ಸರ್ಕಾರದ ಕಾಲದಲ್ಲಿ ಅವರ ಬದಲಿಗೆ ಸ್ಥಳೀಯ ಅರ್ಚಕರನ್ನು ನೇಮಿಸಲಾಯಿತು. ನೇಪಾಳದ ಭಕ್ತರೆ ಅದನ್ನು ವಿರೋಧಿಸಿದರು, ನೇಪಾಳದ ಸರ್ವೋಚ್ಚ ನ್ಯಾಯಾಲಯವೆ ತಡೆಯಾಜ್ಞೆ ಕೊಟ್ಟಿತು, 2009ರ ಜನವರಿಯಲ್ಲಿ ಸರ್ಕಾರ ಹಿಂದೆಗೆಯಿತು. ಸಿಂಹಾಸನ ಹೋದ ಮೇಲೂ ಕನ್ನಡದ ಅರ್ಚಕನ ಹಕ್ಕನ್ನು ಕಾಯ್ದುದು ಗಣರಾಜ್ಯದ ನ್ಯಾಯಾಲಯ. 2025ರ ಸೆಪ್ಟೆಂಬರಿನಲ್ಲಿ ಸುಟ್ಟುಹೋದುದು ಅದೇ ನ್ಯಾಯಾಲಯದ ಕಟ್ಟಡ. ಪಶುಪತಿನಾಥನ ಮುಂದೆ ಕೈಮುಗಿಯುವಾಗ ನೀವು ಆ ಸಂಸ್ಥೆಯ ಪುನರುದ್ಧಾರವನ್ನು ಬೇಡಿಕೊಳ್ಳುವುದು ಯುಕ್ತ. ದೊರೆ ಮರಳಬೇಕೊ ಬೇಡವೊ ಎಂಬುದು, ಅದಕ್ಕಾಗಿ ಮೆರವಣಿಗೆ ಮಾಡುವವರು ಅಲ್ಲಿಯೂ ಇರುವರಾದರೂ, ಅವರವರೆ ಬಗೆಹರಿಸಿಕೊಳ್ಳಬೇಕಾದ ವ್ಯಾಜ್ಯ.

ನಮ್ಮ ಮಾತಿಗೆ ಅಲ್ಲಿಯವರು ಕೆಲವು ವೇಳೆ ಮೌನದಿಂದ ಉತ್ತರಿಸುವುದಕ್ಕೂ ಕಾರಣವಿದೆ. 2015ರಲ್ಲಿ ಹೊಸ ಸಂವಿಧಾನದಿಂದ ತಮಗೆ ಅನ್ಯಾಯವಾಯಿತೆಂದು ತರಾಯಿಯ ಮಧೇಶಿಗಳು ಪ್ರತಿಭಟಿಸಿದಾಗ ಗಡಿದಾರಿಗಳು ತಿಂಗಳುಗಟ್ಟಲೆ ಕಟ್ಟಿಹೋದವು. ಭೂಕಂಪದಿಂದ ಮನೆ ಕಳೆದುಕೊಂಡು ಡೇರೆಗಳಲ್ಲಿದ್ದವರಿಗೆ ಆ ಚಳಿಗಾಲದಲ್ಲಿ ಅಡುಗೆಯ ಅನಿಲವಿಲ್ಲ, ಪೆಟ್ರೋಲಿಲ್ಲ, ಔಷಧಿಗೂ ಅಭಾವ. ದಿಗ್ಬಂಧನ ತಾನು ಹಾಕಿದ್ದಲ್ಲವೆಂದು ಭಾರತ ಹೇಳಿತು. ಬೆಟ್ಟಸೀಮೆಯ ಜನ ಅದನ್ನು ನಂಬಲಿಲ್ಲ. ಅದೇ ಚಳಿಗಾಲದ ಕೊನೆಯಲ್ಲಿ ವಿಶಾಖಪಟ್ಟಣದ ಬಂದರಿನ ಒಡಂಬಡಿಕೆಯಾದುದನ್ನು ನೆನೆದರೆ, ಇನ್ನೊಂದು ಕಡಲಬಾಗಿಲು ಆ ದೇಶಕ್ಕೆ ಎಷ್ಟು ಅವಶ್ಯವಾಗಿತ್ತೆಂಬುದು ತಿಳಿಯುತ್ತದೆ. “ನಾವೂ ನೀವೂ ಒಂದೇ” ಎಂದು ನೀವು ಪ್ರೀತಿಯಿಂದಲೆ ಹೇಳಿದಾಗ ಜೀಪಿನ ಚಾಲಕನೊಬ್ಬ ರಸ್ತೆಯನ್ನು ನೋಡುತ್ತ ಸುಮ್ಮನಾದರೆ, ಅವನಿಗೆ ಆ ಚಳಿಗಾಲ ನೆನಪಾಗಿರಬಹುದು. ಒಂದೇ ಎನ್ನುವುದಕ್ಕಿಂತ ನೆರೆಯವರು ಎನ್ನುವುದು ಅವರಿಗೆ ಹಿತವಾದ ಮಾತು.

ಹಾಗೆಂದು ಬಾಂಧವ್ಯ ಕಡಮೆಯೆಂದಲ್ಲ. ಇಲ್ಲಿಂದ ಭೀಮಿಲಿಯ ಕಡೆಗೆ ಹೋಗುವಾಗ ಎಡಗಡೆ ಬಾವಿಕೊಂಡ, ತೊಟ್ಲಕೊಂಡಗಳ ಬೌದ್ಧ ವಿಹಾರಗಳ ಅವಶೇಷಗಳಿವೆ. ಆ ವಿಹಾರಗಳ ಗುರು ಹುಟ್ಟಿದುದು ನೇಪಾಳದ ತರಾಯಿಯ ಲುಂಬಿನಿಯಲ್ಲಿ. ಅಲ್ಲಿ ಅಶೋಕನು ನಿಲ್ಲಿಸಿದ ಸ್ತಂಭವನ್ನು ನೀವು ನೋಡುವಿರಿ. ಅದೇ ಅಶೋಕನ ಹೆಸರು ಸ್ಪಷ್ಟವಾಗಿ ದೊರೆತ ಶಾಸನ 1915ರಲ್ಲಿ ಬೆಳಕಿಗೆ ಬಂದುದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹಳೆಯ ಪಕ್ಷಗಳನ್ನು ಧಿಕ್ಕರಿಸಿ 2022ರಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು ಕಠ್ಮಂಡುವಿನ ಮೇಯರಾದ ಬಾಲೇನ್ ಶಾಹ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದುದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಅಶೋಕನ ಕಾಲದಿಂದ ಇಂದಿನವರೆಗೆ ಹೋಗಿಬರುವುದು ನಡೆದೇ ಇದೆ. ಅದರಲ್ಲಿ ನಿಮ್ಮ ಯಾತ್ರೆಯೂ ಒಂದು.

ಆದುದರಿಂದ ಹೊರಡುವವರಿಗೆ ನಾಲ್ಕು ವ್ಯಾವಹಾರಿಕ ಮಾತುಗಳು. ಭಾರತೀಯರಿಗೆ ವೀಸಾ ಬೇಕಿಲ್ಲವೆಂದು ಆಧಾರ್ ಚೀಟಿಯನ್ನು ಮಾತ್ರ ನಂಬಿ ಹೋಗಬೇಡಿ. ವಿಮಾನದಲ್ಲಿ ಹೋಗುವ ಪ್ರಾಪ್ತವಯಸ್ಕರು ಪಾಸ್‌ಪೋರ್ಟನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ಇಟ್ಟುಕೊಂಡೆ ಹೊರಡಿ. ಆಷಾಢ ಶ್ರಾವಣಗಳಲ್ಲಿ ಬೆಟ್ಟದ ರಸ್ತೆಗಳು ಕುಸಿಯುತ್ತವೆ. ಆ ಕಾಲವನ್ನು ಬಿಡಿ. ಪೋಖರಾದಿಂದ ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮಿಗೆ ವಿಮಾನಗಳು ಬೆಳಗ್ಗೆ ಮಾತ್ರ ಹಾರುತ್ತವೆ. ಬಿಸಿಲೇರಿದಂತೆ ಕಾಳಿಗಂಡಕಿಯ ಕಮರಿಯಲ್ಲಿ ದಕ್ಷಿಣದಿಂದ ನುಗ್ಗುವ ಗಾಳಿ ರಭಸವಾಗುತ್ತದೆ. ಒಂದು ದಿನ ವಿಮಾನ ಹಾರದಿದ್ದರೆ ಅದು ಗಾಳಿಯ ಧರ್ಮವೆಂದು ತಿಳಿದು ಪ್ರವಾಸದ ಏಜೆಂಟನ ಮೇಲೆ ಹರಿಹಾಯಬೇಡಿ. ಒಂದೆರಡು ದಿನ ಹೆಚ್ಚಾಗಿಯೆ ಇಟ್ಟುಕೊಂಡು ಹೊರಡಿ. ಮುಕ್ತಿನಾಥ ಮೂರು ಸಾವಿರದ ಏಳುನೂರು ಮೀಟರಿಗೂ ಮೇಲಿರುವ ಸ್ಥಳ; ಅಲ್ಲಿಯ ನೂರೆಂಟು ನೀರಧಾರೆಗಳ ಕೆಳಗೆ ಓಡುವ ಉತ್ಸಾಹದಲ್ಲಿ ಎದೆಯ ಬಡಿತವನ್ನು ಮರೆಯಬೇಡಿ, ಹೃದ್ರೋಗವಿರುವ ಹಿರಿಯರನ್ನು ಅವಸರಪಡಿಸಬೇಡಿ. ಸಾಧ್ಯವಿದ್ದರೆ ಊಟ ವಸತಿಗಳನ್ನು ಅಲ್ಲಿಯವರ ಮನೆಗಳಲ್ಲಿಯೆ, ಅಲ್ಲಿಯವರು ಹೇಳಿದ ಬೆಲೆಗೆ ಪಡೆಯಿರಿ. ಇಲ್ಲಿಂದಲೆ ಅಡುಗೆಯವರನ್ನೂ ಅಕ್ಕಿಬೇಳೆಗಳನ್ನೂ ಹೇರಿಕೊಂಡು ಹೋಗಿ ಹೊರೆಯಾಳಿನೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ಯಾತ್ರೆಯಿಂದ ಆ ಊರಿಗೆ ಏನೂ ದಕ್ಕದು.

ಚುನಾವಣೆಯ ಆಸುಪಾಸಿನಲ್ಲಿ ಹೋಗುವವರು ಅದರ ಸಭೆ ಮೆರವಣಿಗೆಗಳನ್ನು ಕಾಣುವಿರಿ. ರಸ್ತೆ ತಡೆಯಾಯಿತೆಂದು ಬೇಸರಿಸದೆ, ಬೆಂಕಿಯಿಂದ ಮತಪೆಟ್ಟಿಗೆಗೆ ಮರಳಲು ಒಂದು ಜನಾಂಗ ಮಾಡುತ್ತಿರುವ ಪ್ರಯತ್ನವದು ಎಂದು ಗೌರವದಿಂದ ಪಕ್ಕಕ್ಕೆ ನಿಂತು ದಾರಿಬಿಡಿ. ಯಾವ ಪಕ್ಷದ ಪರವಾಗಿಯೂ ಮಾತಾಡಬೇಡಿ. ಹೋಗಲಾಗದವರಿಗೂ ಒಂದು ಕೆಲಸವಿದೆ. ಬೆಂಗಳೂರಿನ ನಿಮ್ಮ ಬಡಾವಣೆಯ ಕಾವಲುಗಾರನೊ, ಬೀದಿಯ ಕೊನೆಯ ಹೋಟೆಲಿನ ಅಡುಗೆಯವನೊ ನೇಪಾಳದ ದೂರಪಶ್ಚಿಮದ ಬೆಟ್ಟಗಳಿಂದ ಬಂದವನಾಗಿರಬಹುದು. ಅವನ ಊರು ಯಾವುದು, ಭೂಕಂಪದಲ್ಲಿ ಮನೆ ಉಳಿಯಿತೆ, ತಂದೆತಾಯಿಗಳು ಕ್ಷೇಮವೆ ಎಂದು ಕೇಳಿ; ಚುನಾವಣೆಯಲ್ಲಿ ಮತ ಹಾಕಲು ಊರಿಗೆ ಹೋಗಬೇಕೆಂದರೆ ಸಂಬಳ ಹಿಡಿಯದೆ ರಜೆ ಕೊಟ್ಟು ಕಳುಹಿಸಿ. ದೇಶ ಬಿಟ್ಟು ದುಡಿಯುವವನ ಒಂದು ಮತ ಅಲ್ಲಿಯ ಪೆಟ್ಟಿಗೆಗೆ ಬೀಳುವುದಕ್ಕೆ ನೀವು ಮಾಡಿದ ಅಷ್ಟು ಸಹಾಯ ಪಶುಪತಿನಾಥನಿಗೆ ಸಲ್ಲುವ ಸೇವೆಗಳಲ್ಲಿ ಕಡಮೆಯದೆಂದು ನಾನು ಎಣಿಸುವುದಿಲ್ಲ.

ಇಂತು ತಮ್ಮ ವಿಶ್ವಾಸಿ,
ಋಷಿಕೊಂಡದ ನಿವಾಸಿಯಾದ ಒಬ್ಬ ಕನ್ನಡಿಗ